ಐದು ಕಂಪ್ಯೂಟರ್‌ಗಳಲ್ಲಿ ಗೇಮಿಂಗ್ ಕೆಫೆ ಆರಂಭಿಸುವುದು ಹೇಗೆ?

ಕೈಯಲ್ಲಿ ಮೊಬೈಲ್ ಇದ್ದೂ, ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದೂ ಯುವಕರು ದುಡ್ಡು ಕೊಟ್ಟು ಗೇಮಿಂಗ್ ಕೆಫೆಗೆ ಬರುವುದು ಸ್ನೇಹಿತರ ಪಕ್ಕದಲ್ಲೇ ಕುಳಿತು ಆಡುವ ಸುಖಕ್ಕಾಗಿ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2 ಈ ಮೂರೂ ಆಟಗಳಲ್ಲಿ ತಂಡಕ್ಕೆ ಐವರು. ನಾಲ್ಕೇ ಕಂಪ್ಯೂಟರ್ ಇಟ್ಟರೆ ಐದನೆಯವನಿಗೆ ಜಾಗವಿಲ್ಲ, ಅವನೊಂದಿಗೆ ಉಳಿದ ನಾಲ್ವರೂ ಬೇರೆ ಕೆಫೆ ಹುಡುಕುತ್ತಾರೆ. ಆದ್ದರಿಂದ ಬಂಡವಾಳ ಎಷ್ಟೇ ಸಣ್ಣದಿರಲಿ, ಲೆಕ್ಕ ಐದರಿಂದ ಶುರುವಾಗಲಿ. ಕೌಂಟರಿನ ಕಂಪ್ಯೂಟರನ್ನೂ ಅದೇ ಮಾದರಿಯದನ್ನೇ ಕೊಳ್ಳಿ. ಐದರಲ್ಲಿ ಒಂದು ಕೆಟ್ಟುಹೋದ ದಿನ ಅದೇ ನಿಮ್ಮ ಮಾನ ಉಳಿಸುತ್ತದೆ.

ಮಳಿಗೆ ಮತ್ತು ವಿದ್ಯುತ್

ದಾವಣಗೆರೆ, ಹಾಸನ, ಶಿವಮೊಗ್ಗದಂತಹ ಊರುಗಳಲ್ಲಿ ಎಂಜಿನಿಯರಿಂಗ್ ಕಾಲೇಜು ಅಥವಾ ಹಾಸ್ಟೆಲ್‌ಗಳಿಂದ ನಡೆದು ಬರುವಷ್ಟು ದೂರದಲ್ಲಿ ಮಳಿಗೆ ನೋಡಿ. ಮುಖ್ಯರಸ್ತೆಯ ನೆಲಮಹಡಿಗೆ ದುಬಾರಿ ಬಾಡಿಗೆ ತೆರುವ ಅಗತ್ಯವಿಲ್ಲ, ಮೊದಲ ಮಹಡಿ ಸಾಕು. ಈ ವ್ಯಾಪಾರದ ಸುದ್ದಿ ಹಾಸ್ಟೆಲ್ ಕೋಣೆಯಿಂದ ಕೋಣೆಗೆ ತಾನಾಗಿ ಹರಡುತ್ತದೆ.

ಮುಂಗಡ ಕೊಡುವ ಮೊದಲು ಆ ಮಳಿಗೆಯ ಹಳೆಯ ಕರೆಂಟ್ ಬಿಲ್ ಕೇಳಿ ಪಡೆದು, ಮಂಜೂರಾದ ಲೋಡ್ ಎಷ್ಟೆಂದು ನೋಡಿ. ಆಟ ನಡೆಯುವಾಗ ಮಾನಿಟರ್ ಸೇರಿ ಒಂದು ಕಂಪ್ಯೂಟರ್ ಸುಮಾರು 250 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಐದಕ್ಕೆ 1.25 ಕಿಲೋವ್ಯಾಟ್. ಒಂದೂವರೆ ಟನ್ನಿನ ಎ.ಸಿ.ಗೆ ಹತ್ತಿರಹತ್ತಿರ ಅಷ್ಟೇ ಬೇಕು. ದೀಪ, ಫ್ಯಾನ್, ಕೌಂಟರ್ ಸೇರಿದರೆ 3 ಕಿಲೋವ್ಯಾಟ್ ಮುಟ್ಟುತ್ತದೆ. ಮಳಿಗೆಗೆ 1 ಕಿಲೋವ್ಯಾಟ್ ಮಾತ್ರ ಇದ್ದರೆ ಬೆಸ್ಕಾಂ, ಮೆಸ್ಕಾಂ ಅಥವಾ ನಿಮ್ಮ ಊರಿನ ಎಸ್ಕಾಂಗೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕಾಗುತ್ತದೆ. ಆ ಖರ್ಚನ್ನು ಯಾರು ಹೊರಬೇಕೆಂದು ಮಾಲೀಕರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷಿಸದೆ ಒಂದು ಪ್ಲಗ್ಗನ್ನೂ ಹಾಕಬೇಡಿ.

ಪ್ರತಿ ಕಂಪ್ಯೂಟರಿಗೂ ಒಂದು ಸಣ್ಣ ಯುಪಿಎಸ್ ಇರಲಿ. ಇಂಟರ್ನೆಟ್ ರೂಟರ್ ಮತ್ತು ಕಂಪ್ಯೂಟರ್‌ಗಳನ್ನು ಕೇಬಲ್ಲಿನಲ್ಲಿ ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗೂ ಒಂದನ್ನು ಕೊಡಿ, ಇದನ್ನು ಮರೆಯುವವರೇ ಹೆಚ್ಚು. ಕಂಪ್ಯೂಟರ್ ಉಳಿದು ರೂಟರ್ ಆರಿಹೋದರೆ ಐವರ ಪಂದ್ಯವೂ ಅಲ್ಲಿಗೆ ಮುಗಿಯಿತು.

ಕಂಪ್ಯೂಟರ್ ಖರೀದಿ

ಹಣ ಉಳಿಯುವುದೂ ಹಾಳಾಗುವುದೂ ಇಲ್ಲಿಯೇ. ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಕಂಪ್ಯೂಟರ್‌ಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹೊಸದರ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತವೆ. ಆದರೆ ಅಗ್ಗವೆಂದು ತೀರಾ ಹಳೆಯದಕ್ಕೆ ಕೈ ಹಾಕಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅನಂತರದ್ದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಇರಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ ಜೊತೆಗೆ ಸೆಕ್ಯೂರ್ ಬೂಟ್ ಎಂಬ ಇನ್ನೊಂದು ಭದ್ರತಾ ಸೌಲಭ್ಯವನ್ನೂ ಚಾಲೂ ಮಾಡಿರಬೇಕು. ಅಂಗಡಿಯಲ್ಲೇ ಬಯೋಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆಸಿ, ಇವೆರಡೂ ಇವೆಯೇ ಎಂದು ನೋಡಿ.

ಪುಟ್ಟ ಕ್ಯಾಬಿನೆಟ್ಟಿನ ಮಾದರಿಗಳನ್ನು ಬಿಟ್ಟುಬಿಡಿ. ಅವುಗಳಲ್ಲಿ ಸಾಧಾರಣ ಅಳತೆಯ ಗ್ರಾಫಿಕ್ಸ್ ಕಾರ್ಡ್ ಕೂರುವುದಿಲ್ಲ, ಪವರ್ ಸಪ್ಲೈ ಕೆಟ್ಟರೆ ಬದಲಿ ಸಿಗುವುದೂ ಕಷ್ಟ. ಟವರ್ ಮಾದರಿಯನ್ನೇ ಕೇಳಿ. ಎನ್‌ವಿಡಿಯಾ ಜಿಟಿಎಕ್ಸ್ 1650 ಕಾರ್ಡಿನ ಕೆಲವು ಮಾದರಿಗಳಿಗೆ ಪ್ರತ್ಯೇಕ ವಿದ್ಯುತ್ ತಂತಿಯೇ ಬೇಡ, ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್ ಸಾಕು. ಕಚೇರಿ ಕಂಪ್ಯೂಟರಿನ ದುರ್ಬಲ ಪವರ್ ಸಪ್ಲೈಗೆ ಇದು ಹೇಳಿ ಮಾಡಿಸಿದಂತಿದೆ. ರ‍್ಯಾಮ್ 16 ಜಿಬಿ ಇರಲಿ, ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿ ಹಾಕಿದರೆ ವೇಗ ಹೆಚ್ಚು. 500 ಜಿಬಿ ಎಸ್‌ಎಸ್‌ಡಿಯನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಹಣ ಕೊಡುವ ಮೊದಲು ಪ್ರತಿ ಯಂತ್ರದಲ್ಲೂ ಅರ್ಧ ಗಂಟೆ ಆಟ ಓಡಿಸಿ, ಬಿಸಿ ಎಷ್ಟೇರುತ್ತದೆ, ಮಧ್ಯೆ ನಿಲ್ಲುತ್ತದೆಯೇ ಎಂದು ಗಮನಿಸಿ. ವ್ಯಾಪಾರಿ ಬೇಸರಪಟ್ಟರೂ ಪರವಾಗಿಲ್ಲ.

ಉಳಿದ ಹಣವನ್ನು ಕುರ್ಚಿ ಮತ್ತು ಹೆಡ್‌ಸೆಟ್ ಮೇಲೆ ಹಾಕಿ. ಬಣ್ಣದ ದೀಪಗಳಿಗೆ ಸುರಿಯುವ ದುಡ್ಡು ನನ್ನ ದೃಷ್ಟಿಯಲ್ಲಿ ಶುದ್ಧ ನಷ್ಟ. ಎದುರಾಳಿಯ ಹೆಜ್ಜೆಸಪ್ಪಳ ಎಡದಿಂದ ಬಂತೋ ಬಲದಿಂದ ಬಂತೋ ಕೇಳಿಸದಿದ್ದರೆ ಯಾವ ಆಟಗಾರನೂ ಎರಡನೇ ಸಲ ಬರುವುದಿಲ್ಲ. ಹೆಡ್‌ಸೆಟ್, ಮೌಸ್ ಬೇಗ ಸವೆಯುವ ವಸ್ತುಗಳು, ಒಂದೆರಡು ಹೆಚ್ಚಿಗೆ ತಂದಿಡಿ.

ಇಂಟರ್ನೆಟ್ ಮತ್ತು ಆಟಗಳು

ವೈಫೈ ಬೇಡ. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ ಒಂದು, ಕ್ಯಾಟ್ 6 ಕೇಬಲ್ ಅಷ್ಟೇ ಸಾಕು. ಆಟಕ್ಕೆ ಬೇಕಾದ ಡೇಟಾ ಅಲ್ಪ, ಆದರೆ ಪಿಂಗ್ (ಸಂಕೇತ ಸರ್ವರ್‌ಗೆ ಹೋಗಿ ಮರಳುವ ಸಮಯ) ಕಡಿಮೆಯಿರಬೇಕು, ಏರಿಳಿಯಬಾರದು. ವ್ಯಾಲರಂಟ್‌ನ ಸರ್ವರ್ ಮುಂಬೈಯಲ್ಲಿದೆ, ಸಂಜೆಯ ಹೊತ್ತಿನಲ್ಲಿ ಅದರ ಪಿಂಗ್ ನೋಡಿಯೇ ಸಂಪರ್ಕ ಆಯ್ದುಕೊಳ್ಳಿ. ಡೇಟಾ ನುಂಗುವುದು ಅಪ್‌ಡೇಟ್‌ಗಳು. ಅದಕ್ಕೂ ದಾರಿಯಿದೆ: ಆಟಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ 2023ರಿಂದ ಒಂದು ಕಂಪ್ಯೂಟರಿಗೆ ಇಳಿಸಿದ ಆಟವನ್ನು ಒಳಗಿನ ನೆಟ್‌ವರ್ಕ್ ಮೂಲಕವೇ ಇನ್ನೊಂದಕ್ಕೆ ವರ್ಗಾಯಿಸಬಹುದು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಈ ಕೆಲಸ ಮುಗಿಸಿ.

ಮೇಲೆ ಹೇಳಿದ ಮೂರೂ ಆಟಗಳು ಉಚಿತ, ಗ್ರಾಹಕರು ತಮ್ಮ ಖಾತೆಯಿಂದಲೇ ಆಡುತ್ತಾರೆ. ಹಣ ಕೊಟ್ಟು ಕೊಳ್ಳುವ ಆಟಗಳ ವೈಯಕ್ತಿಕ ಪರವಾನಗಿಯನ್ನು ಕೆಫೆಯಲ್ಲಿ ಬಳಸುವಂತಿಲ್ಲ, ಅದಕ್ಕೆ ಸ್ಟೀಮ್‌ನ ಪಿಸಿ ಕೆಫೆ ಯೋಜನೆಯಲ್ಲಿ ನೋಂದಾಯಿಸಿಕೊಳ್ಳಿ.

ಲೆಕ್ಕಾಚಾರ

ಗಂಟೆಗೆ 40 ರೂಪಾಯಿ ಎಂದುಕೊಳ್ಳೋಣ. ಐದೂ ಕುರ್ಚಿ ದಿನಕ್ಕೆ ಸರಾಸರಿ ಆರು ಗಂಟೆ ತುಂಬಿದರೆ 1,200 ರೂಪಾಯಿ, ತಿಂಗಳಿಗೆ 36,000. ಇದರಲ್ಲಿ ಬಾಡಿಗೆ, ಕರೆಂಟ್, ಇಂಟರ್ನೆಟ್, ಸಾಲದ ಕಂತು ಹೋಗಬೇಕು. ವಿಟಿಯು ಪರೀಕ್ಷೆ ಬಂದರೆ ಕುರ್ಚಿಗಳು ಖಾಲಿ, ರಜೆ ಬಂದರೆ ಹಾಸ್ಟೆಲ್ಲೇ ಖಾಲಿ. ಆದ್ದರಿಂದ ಮೂರು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಟ್ಟದೆ ಇಟ್ಟು ಆಮೇಲೆ ಕಂಪ್ಯೂಟರ್ ಕೊಳ್ಳಿ. ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ವಿಸ್ತರಿಸುವಾಗ ಒಂದೆರಡು ಕಂಪ್ಯೂಟರ್ ಸೇರಿಸಿ ಪ್ರಯೋಜನವಿಲ್ಲ, ಇನ್ನೂ ಐದನ್ನೇ ಸೇರಿಸಿ. ಆಗ ಎರಡು ತಂಡಗಳು ಎದುರುಬದುರು ಆಡಬಹುದು.

ಕಾನೂನು

ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸುವುದರಿಂದ ನಿಮ್ಮದೂ ಸೈಬರ್ ಕೆಫೆಯೇ. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ನೋಂದಣಿ ಮಾಡಿಸಬೇಕು, ಗ್ರಾಹಕರ ಗುರುತಿನ ಚೀಟಿ ನೋಡಬೇಕು, ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಟ್ಟಿರಬೇಕು. ಅಡ್ಡಗೋಡೆ ನಾಲ್ಕೂವರೆ ಅಡಿ ಮೀರುವಂತಿಲ್ಲ. ನನ್ನ ಸಲಹೆ, ಅಡ್ಡಗೋಡೆಯೇ ಬೇಡ. ಬೆಳಕಿರುವ ತೆರೆದ ಕೋಣೆ, ಶುಚಿಯಾದ ಶೌಚಾಲಯ, ಬೈಗುಳಕ್ಕೆ ಅವಕಾಶವಿಲ್ಲದ ವಾತಾವರಣ ಇದ್ದರೆ ಹುಡುಗಿಯರೂ ಬಂದು ನಿಶ್ಚಿಂತೆಯಿಂದ ಆಡುತ್ತಾರೆ. ಪಾಲಿಕೆಯ ಉದ್ದಿಮೆ ಪರವಾನಗಿ ಪಡೆಯಿರಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಲಿ.

ಶಾಲಾ ಸಮಯದಲ್ಲಿ ಸಮವಸ್ತ್ರದ ಮಕ್ಕಳನ್ನು ಒಳಗೆ ಬಿಡಬೇಡಿ. ಹಣ ಪಣಕ್ಕಿಟ್ಟು ಆಡುವುದನ್ನಂತೂ ಮೊದಲ ದಿನದಿಂದಲೇ ತಡೆಯಿರಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ, ಇ-ಕ್ರೀಡೆಗೆ ಮನ್ನಣೆ ಕೊಟ್ಟಿದೆ. ಪಂದ್ಯಾವಳಿ ನಡೆಸುವಾಗ ಗೆದ್ದ ತಂಡಕ್ಕೆ ಹತ್ತು ಗಂಟೆಗಳ ಉಚಿತ ಆಟವನ್ನೇ ಬಹುಮಾನವಾಗಿ ಕೊಡಿ. ಅದನ್ನು ಬಳಸಲು ಐವರೂ ಮತ್ತೆ ನಿಮ್ಮಲ್ಲಿಗೇ ಬರಬೇಕಾಗುತ್ತದೆ.