ನೋಡಲು ಒಂದೇ ಥರದ ಎರಡು ಕಪ್ಪೆ: ಬೇರೆ ಪ್ರಭೇದ ಅಂತ ಗುರುತಿಸುವುದು ಹೇಗೆ?

ಶರಾವತಿ ಕಣಿವೆಯ ಕಾಡುಹಳ್ಳಗಳಲ್ಲಿ ಜೋಗ್ ಇರುಳುಗಪ್ಪೆಯೂ ಇದೆ, ಕುಂಬಾರ ಕಪ್ಪೆಯೂ ಇದೆ. ಟಾರ್ಚ್ ಬೆಳಕಲ್ಲಿ ನೋಡಿದರೆ ಎರಡೂ ಕಂದು, ಎರಡರದ್ದೂ ಸುಕ್ಕು ಚರ್ಮ.

ಮೊದಲಿಗೆ, ಬರೀ ಬಣ್ಣ ನಂಬಬೇಡಿ. ಒಂದೇ ಪ್ರಭೇದದಲ್ಲೂ ಬಣ್ಣ ಬೇಕಾದಷ್ಟು ಬದಲಾಗುತ್ತದೆ. ಇವು ಕಾಡಿನಲ್ಲಿ ತಾವಾಗಿಯೇ ಕೂಡುತ್ತವಾ, ಹುಟ್ಟಿದ ಮರಿಗಳಿಗೂ ಮುಂದೆ ಮರಿಯಾಗುತ್ತವಾ ಅಂತ ಕೇಳಿಕೊಳ್ಳಿ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಪ್ರಭೇದ ಅಂದರೇನು ಅಂತ ಹೇಳಿದ್ದು ಹೆಚ್ಚುಕಡಿಮೆ ಹೀಗೆಯೇ. ಕುದುರೆ, ಕತ್ತೆ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕೆ ಮರಿಯಾಗುವುದಿಲ್ಲ. ಹಾಗಾಗಿ ಅವೆರಡೂ ಬೇರೆ.

ಆಮೇಲೆ ಮಳೆಗಾಲದ ರಾತ್ರಿ ಹಳ್ಳದ ಪಕ್ಕ ಸುಮ್ನೆ ಕೂತು ಕೂಗು ಕೇಳಿ, ರೆಕಾರ್ಡ್ ಮಾಡಿ. ಹೆಣ್ಣು ಬರುವುದು ತನ್ನ ಪ್ರಭೇದದ ಗಂಡು ಕೂಗಿದರೆ ಮಾತ್ರ, ಆದ್ದರಿಂದ ಕೂಗು ಬೇರೆಯಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೊಟ್ಟೆ ಇಡುವುದನ್ನೂ ತಪ್ಪದೆ ನೋಡಿ, ಕುಂಬಾರ ಕಪ್ಪೆಯ ಗುಟ್ಟು ಇರುವುದೇ ಅಲ್ಲಿ. ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಹೆಣ್ಣು ಮುಂಗಾಲಿನ ಮೇಲೆ ತಲೆಕೆಳಗಾಗಿ ನಿಂತು ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ಹಳ್ಳದ ತಳದಿಂದ ಮುಂಗಾಲುಗಳಲ್ಲಿ ಮಣ್ಣು ತಂದು, ಹಿಂಗಾಲ ಮೇಲೆ ಎದ್ದು ನಿಂತು, ಮಡಕೆಗೆ ಮೆತ್ತಿದ ಹಾಗೆ ಮೊಟ್ಟೆಗಳಿಗೆಲ್ಲ ಮೆತ್ತುತ್ತದೆ! ಜೋಗ್ ಕಪ್ಪೆ ಹೀಗೆ ಮಾಡುವುದಿಲ್ಲ. ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಕುಂಬಾರ ಕಪ್ಪೆಯನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು.

ಅಳತೆ, ಡಿಎನ್‌ಎ, ಮ್ಯೂಸಿಯಂ ಮಾದರಿಗಳ ಜೊತೆ ಹೋಲಿಕೆ, ಇವೂ ಬೇಕೇ ಬೇಕು.

ಸರಿ, ಒಂದು ಪ್ರಭೇದ ಎರಡಾಗುವುದು ಹೇಗೆ? ಹೆಚ್ಚಿನ ಸಲ ನಡುವೆ ಏನಾದರೂ ಅಡ್ಡ ಬಂದಾಗ. ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡ್ ಹತ್ತಿರ ಬೆಟ್ಟಸಾಲು ಸುಮಾರು 30 ಕಿ.ಮೀ. ತುಂಡಾಗಿದೆ. ಎತ್ತರದ ಶೋಲಾ ಕಾಡು (ಬೆಟ್ಟದ ಮೇಲಿನ ಕುಳ್ಳು ಮರಗಳ ತಂಪು ಕಾಡು) ಬಿಟ್ಟು ಇಳಿಯದ ಪುಟ್ಟ ನೀಲಿ ಹಕ್ಕಿಗೆ ಆ ಬಿಸಿ ಬಯಲು ದಾಟುವುದು ಆಗದ ಮಾತು. ಎರಡೂ ಕಡೆ ಡಿಎನ್‌ಎಯಲ್ಲಿ ಬೇರೆ ಬೇರೆ ಬದಲಾವಣೆಗಳು ಆಗುತ್ತಾ ಹೋಗುತ್ತವೆ, ಬೆರೆಯಲು ದಾರಿ ಇಲ್ಲವಲ್ಲ, ಲಕ್ಷಾಂತರ ವರ್ಷಗಳಲ್ಲಿ ಅವು ಜಾಸ್ತಿಯಾಗುತ್ತವೆ. ಇವತ್ತು ಉತ್ತರದ ಹಕ್ಕಿಯ ಪಕ್ಕೆ ಕಂದುಗೆಂಪು, ದಕ್ಷಿಣದ್ದು ಬೂದುನೀಲಿ. ಬಹಳ ಕಾಲ ಎರಡನ್ನೂ ಒಂದೇ ಪ್ರಭೇದ ಅಂತ ಎಣಿಸುತ್ತಿದ್ದರು.

ಇಲ್ಲಿ ಮೇಯರ್ ಪರೀಕ್ಷೆ ನಡೆಯುವುದಿಲ್ಲ, ಯಾಕೆಂದರೆ ಕಾಡಿನಲ್ಲಿ ಈ ಹಕ್ಕಿಗಳು ಭೇಟಿಯಾಗುವುದೇ ಇಲ್ಲ. ಆಗ ಡಿಎನ್‌ಎ, ಮೈಬಣ್ಣ, ಹಾಡು ಎಲ್ಲವನ್ನೂ ಒಟ್ಟಿಗೆ ತೂಗಬೇಕು. ಎಷ್ಟು ವ್ಯತ್ಯಾಸ ಇದ್ದರೆ ಸಾಕು ಅನ್ನುವುದರಲ್ಲಿ ಜೀವವಿಜ್ಞಾನಿಗಳಿಗೆ ಇವತ್ತಿಗೂ ಒಮ್ಮತ ಇಲ್ಲ.