ಚಾಕ್‌ಪೀಸ್ ಓರೆಯಾಗಿ ಮುರಿಯುವುದೇಕೆ? ಮನೆಯಲ್ಲೇ ಮಾಡಿ ನೋಡಿ

ಮೇಜಿನ ಮೇಲಿಟ್ಟ ಲೋಟದ ನೀರಿನೊಳಗೆ ಬಲಗಳಿವೆ, ಅದನ್ನು ಹೊತ್ತು ನಿಂತ ಮೇಜಿನ ಕಾಲಿನೊಳಗೂ ಇವೆ. ಕಣ್ಣಿಗೆ ಕಾಣದ ಅವುಗಳನ್ನು ಹೊರಗೆಳೆಯಲು ಖಾಲಿ ಹಾಲಿನ ಕವರ್, ಗುಂಡುಸೂಜಿ, ಸ್ವಲ್ಪ ಜೇನುತುಪ್ಪ ಮತ್ತು ನಾಲ್ಕು ಹೊಸ ಚಾಕ್‌ಪೀಸ್ ಸಾಕು.

ಮೊದಲು ನೀರು. ಕವರಿಗೆ ನೀರು ತುಂಬಿ ಬಾಯಿ ತಿರುಚಿ ಹಿಡಿಯಿರಿ. ಬಕೆಟ್ಟಿನ ಮೇಲೆ ಹಿಡಿದು ಐದಾರು ಕಡೆ ಚುಚ್ಚಿ, ಮೆಲ್ಲಗೆ ಹಿಸುಕಿ. ಎಲ್ಲಿ ಚುಚ್ಚಿದರೂ ನೀರು ಕವರಿನ ಮೈಗೆ ಲಂಬವಾಗಿಯೇ ಚಿಮ್ಮುತ್ತದೆ. ನಿಂತ ನೀರಿಗೆ ಗೊತ್ತಿರುವುದು ನೇರವಾಗಿ ಒತ್ತುವುದೊಂದೇ. ಹಿಸುಕುವುದನ್ನು ಬಿಟ್ಟರೆ ಕೆಳಗಿನ ತೂತಿನ ನೀರಿಗೆ ರಭಸ ಹೆಚ್ಚು. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚು. ಕನ್ನಂಬಾಡಿ ಕಟ್ಟೆ ತುಂಬಿದಾಗ ಪತ್ರಿಕೆಗಳಲ್ಲಿ ಬರುವ 124.80 ಅಡಿ ಎಂದರೆ ಸುಮಾರು 38 ಮೀಟರ್. ಅಷ್ಟು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 3.8 ಕಿಲೋ ಭಾರದಷ್ಟು ಒತ್ತುತ್ತದೆ, ಪಕ್ಕಕ್ಕೂ ಅಷ್ಟೇ. ಅಣೆಕಟ್ಟೆಗಳ ಬುಡ ದಪ್ಪಗಿರುವುದು ಇದಕ್ಕಾಗಿಯೇ.

ಇನ್ನು ಜೇನುತುಪ್ಪದಲ್ಲಿ ಚಮಚ ಆಡಿಸಿ. ಬೇಗ ಆಡಿಸಿದಷ್ಟೂ ತಡೆ ಹೆಚ್ಚು, ನಿಲ್ಲಿಸಿದರೆ ತಡೆಯೇ ಇಲ್ಲ. ಪದರದ ಮೇಲೆ ಪದರ ಜಾರುವುದನ್ನು ದ್ರವ ನಿಧಾನಗೊಳಿಸಬಲ್ಲದು, ತಡೆದು ನಿಲ್ಲಿಸಲಾರದು. ಘನವಸ್ತು ನಿಲ್ಲಿಸುತ್ತದೆ. ಇವೆರಡರ ನಡುವಿನ ನಿಜವಾದ ಗೆರೆ ಇರುವುದು ಇಲ್ಲಿ ಎಂದೇ ನನ್ನ ಎಣಿಕೆ. ಗಟ್ಟಿ, ಮೆದು ಎಂಬ ಮಾತು ಆಮೇಲಿನದು.

ಈಗ ಚಾಕ್‌ಪೀಸ್. ಒಂದನ್ನು ಬಗ್ಗಿಸಿ ಮುರಿಯಿರಿ. ಉಬ್ಬಿದ ಬದಿ ಉದ್ದಕ್ಕೆ ಎಳೆಯಲ್ಪಟ್ಟು ಅಡ್ಡಲಾಗಿ, ಚಪ್ಪಟೆಯಾಗಿ ತುಂಡಾಗುತ್ತದೆ. ಇನ್ನೊಂದರ ಎರಡೂ ತುದಿಗೆ ಕಾಗದ ಸುತ್ತಿ (ಬೆರಳು ಜಾರಬಾರದು), ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸ್ವಲ್ಪವೂ ಬಗ್ಗಿಸಬೇಡಿ, ಕೆಲಸ ಕೆಡುವುದು ಅಲ್ಲಿಯೇ. ಮುರಿದ ಅಂಚನ್ನು ಬೆರಳಿನಿಂದ ಸವರಿ ನೋಡಿ: ಮೆಟ್ಟಿಲಿನಂತೆ ಸುತ್ತಿ ಏರುವ ಸುರುಳಿ, ಸುಮಾರು 45 ಡಿಗ್ರಿ ಓರೆ.

ತಿರುಚಿದ್ದು ಅಡ್ಡಲಾಗಿ, ಸೀಳಿದ್ದು ಓರೆಯಾಗಿ. ಹೇಗೆ? ಅದರ ಮೈಮೇಲೆ ಪುಟ್ಟ ಚೌಕ ಬರೆದಿದ್ದೀರಿ ಎಂದುಕೊಳ್ಳಿ. ತಿರುಚಿದಾಗ ಚೌಕ ವಾಲುತ್ತದೆ. ಒಂದು ಕರ್ಣ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಹಿಗ್ಗುವ ಕಡೆ ಎಳೆತ. ಚಾಕ್‌ಪೀಸ್ ಒತ್ತಿದರೆ ತಾಳಿಕೊಳ್ಳುತ್ತದೆ, ಎಳೆದರೆ ತಾಳದು. ಹಾಗಾಗಿ ಆ ಎಳೆತಕ್ಕೆ ಅಡ್ಡಲಾಗಿ ಬಿರಿಯುತ್ತದೆ. ಕಾಲು ಸಿಕ್ಕಿಕೊಂಡು ಮೈ ತಿರುಗಿದಾಗ ಮೂಳೆಯಲ್ಲಿ ಬೀಳುವ ಸುರುಳಿ ಬಿರುಕೂ ಇದೇ ಬಗೆಯದು. ಒಂದೇ ಬಿಂದುವಿನಲ್ಲಿ ಬಲ ಎಷ್ಟು, ಎತ್ತ ಎಂಬುದು ಯಾವ ದಿಕ್ಕಿನ ಸೀಳಿನಲ್ಲಿ ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಎಂಜಿನಿಯರುಗಳು ಸ್ಟ್ರೆಸ್ ಎನ್ನುವ ಈ ಲೆಕ್ಕವನ್ನು 1822ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ಮಂಡಿಸಿದರು.

ಮೂರನೆಯ ಚಾಕ್‌ಪೀಸನ್ನು ಎದುರು ದಿಕ್ಕಿಗೆ ತಿರುಚಿ ಮುರಿಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸುರುಳಿಗಳು ಒಂದಕ್ಕೊಂದು ಕನ್ನಡಿ ಹಿಡಿದಂತಿರುತ್ತವೆ. ನಾಲ್ಕನೆಯದು, ಕೈ ತಪ್ಪಿ ಒಂದು ಬಗ್ಗಿದರೆ ಇರಲಿ ಎಂದು.