ಮೀನಿನ ತೊಟ್ಟಿಗೆ ಮೊದಲು ವೈರು ಸರಿಪಡಿಸಿ

ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಗಾಳಿಯೊಂದಿಗೆ ಬಂದಾಗ ಹುಬ್ಬಳ್ಳಿ-ಧಾರವಾಡದಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಆಗ ಎಲ್ಲರಿಗೂ ಮೀನಿನ ಚಿಂತೆ ಹತ್ತುತ್ತದೆ. ಆದರೆ ಕರೆಂಟ್ ಇರುವಾಗ ತೊಟ್ಟಿಯಲ್ಲಿ ಕೈಯಿಡುವವರಿಗಿರುವ ಅಪಾಯವನ್ನು ಅದಕ್ಕೂ ಮೊದಲು ನಿವಾರಿಸಬೇಕು.

ನಾನು ನೋಡಿದ ಅನೇಕ ಮನೆಗಳ ಪಡಸಾಲೆಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ತೊಟ್ಟಿಯ ಹಿಂದೆ ನೆಲದ ಮೇಲೆ ಬಿದ್ದಿರುತ್ತದೆ. ಫಿಲ್ಟರಿನ ವೈರು ಗಾಜಿನ ಅಂಚಿನಿಂದ ನೇರವಾಗಿ ಅದಕ್ಕೆ ಇಳಿದಿರುತ್ತದೆ. ವೈರಿನ ಮೇಲೆ ಜಾರುವ ನೀರು ಪ್ಲಗ್ಗಿನೊಳಗೇ ಸೇರುತ್ತದೆ. ಬೋರ್ಡನ್ನು ತೊಟ್ಟಿಯ ಪಕ್ಕದ ಗೋಡೆಗೆ ಎತ್ತರದಲ್ಲಿ ಸ್ಕ್ರೂ ಹಾಕಿ ಕೂಡಿಸಿ. ಪ್ರತಿಯೊಂದು ವೈರೂ ಸಾಕೆಟ್ಟಿಗಿಂತ ಒಂದು ಗೇಣು ಕೆಳಗೆ ಜೋತುಬಿದ್ದು, ಆಮೇಲೆ ಮೇಲೇರಿ ಸಾಕೆಟ್ ಸೇರಬೇಕು. ಮೇನ್ ಬಂದ್ ಮಾಡಿ, ಗಾಜಿನ ಅಂಚಿನಲ್ಲಿ ವೈರಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ: ಹನಿಗಳು ಜೋತುಬಿದ್ದ ಭಾಗದ ತಳದಿಂದ ನೆಲಕ್ಕೆ ಉದುರಬೇಕು, ಮುಂದಕ್ಕೆ ಏರಬಾರದು. ವೈರು ಗಿಡ್ಡವಾದರೆ ಬೋರ್ಡಿನ ಜಾಗ ಬದಲಿಸಿ; ವೈರಿಗೆ ವೈರು ಜೋಡಿಸಿ ಟೇಪ್ ಸುತ್ತುವುದನ್ನು ಖಂಡಿತ ಮಾಡಬೇಡಿ.

ಎಂಸಿಬಿ (ಮಿತಿಮೀರಿ ಕರೆಂಟ್ ಹರಿದರೆ ತಾನೇ ಬಂದ್ ಆಗುವ ಸ್ವಿಚ್) ಇದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಅದು ಶಾಕ್‌ನಿಂದ ಕಾಪಾಡುವುದಿಲ್ಲ. ಎಲೆಕ್ಟ್ರಿಷಿಯನ್‌ನಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಬಂದ್ ಆಗುವ ಸ್ವಿಚ್) ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ನೀರು ಬದಲಿಸುವಾಗ ಎಲ್ಲ ಪ್ಲಗ್ ಕೀಳಿ. ಹೀಟರ್ ಇದ್ದರೆ ಇಪ್ಪತ್ತು ನಿಮಿಷ ಆರಲು ಬಿಟ್ಟ ನಂತರವೇ ನೀರು ತೆಗೆಯಿರಿ, ಇಲ್ಲವಾದರೆ ಅದರ ಗಾಜು ಸೀಳಬಹುದು.

ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯಬಹುದು. ನಮ್ಮ ಮನೆಯಲ್ಲೇ ಒಮ್ಮೆ ಬೆಳಗಾಗುವುದರೊಳಗೆ ನೆಲವೆಲ್ಲ ಒದ್ದೆಯಾಗಿತ್ತು. ಪೈಪಿನ ನಡುವೆ ಚಿಕ್ಕದೊಂದು ನಾನ್ ರಿಟರ್ನ್ ವಾಲ್ವ್ ಹಾಕಿ. ಮೊದಲು ಬಾಯಿಂದ ಊದಿ, ಗಾಳಿ ತೊಟ್ಟಿಯ ಕಡೆಗೆ ಮಾತ್ರ ಹೋಗುವುದನ್ನು ಖಚಿತಪಡಿಸಿಕೊಳ್ಳಿ.

ಇನ್ನು ಕರೆಂಟ್ ಹೋದ ಹೊತ್ತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಪಂಪ್ ನಿಂತರೆ ಮೀನಿಗೆ ಉಳಿಯುವ ಸಮಯ ಕಡಿಮೆ. ಸೆಲ್ ಹಾಕುವ ಏರ್ ಪಂಪೇ ನನ್ನ ಆಯ್ಕೆ. ಪವರ್ ಬ್ಯಾಂಕ್ ಬಳಸುವವರು ಮೊದಲೇ ಒಂದು ತಾಸು ಓಡಿಸಿ ನೋಡಿ, ಏಕೆಂದರೆ ಸಣ್ಣ ಪಂಪ್ ಹಚ್ಚಿದರೆ ಹಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಬಂದ್ ಆಗುತ್ತವೆ. ಇನ್ವರ್ಟರಿಗೆ ಹೀಟರ್ ಹಚ್ಚಬೇಡಿ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ. ಯಾವ ಪಂಪೂ ಇಲ್ಲದಿದ್ದರೆ ಚೆಂಬಿನಿಂದ ನೀರು ಮೊಗೆದು ಎತ್ತರದಿಂದ ಆಗಾಗ ಸುರಿಯಿರಿ.

ಮುಚ್ಚಿದ ಡಬ್ಬಿಯ ಫಿಲ್ಟರ್ ಹಲವು ತಾಸು ನಿಂತಿದ್ದರೆ, ಒಳಗಿನ ಕೊಳೆತ ನೀರನ್ನು ಚೆಲ್ಲಿ, ಸ್ಪಂಜನ್ನು ನಲ್ಲಿಯ ನೀರಿನಲ್ಲಲ್ಲ, ತೊಟ್ಟಿಯಿಂದ ಬಕೆಟ್ಟಿಗೆ ತೆಗೆದ ನೀರಿನಲ್ಲಿ ಜಾಲಿಸಿದ ಮೇಲೆಯೇ ಚಾಲೂ ಮಾಡಿ.